ಕೊಲೆಯ ಸ್ಟಾಪು ಚಿಕ್ಕಲ್ಲಸಂದ್ರ

ಹೊಟ್ಟೆಕಿಚ್ಚು ಯಾವ ಸೆಕ್ಷನ್ನಿನಡಿಯಲ್ಲೂ ಅಪರಾಧವಲ್ಲ. ಇದನ್ನು ನಾನು ಪರಿಶೀಲಿಸಿಯೇ ಹೇಳುತ್ತಿದ್ದೇನೆ. ಹಳೆಯ ದಂಡ ಸಂಹಿತೆಯಲ್ಲಿ ಇರಲಿಲ್ಲ, ಹೊಸ ನ್ಯಾಯ ಸಂಹಿತೆಯಲ್ಲೂ ಸೇರಿಸಿಲ್ಲ. ಸೇರಿಸಿದ್ದರೆ ನಾನು ಈ ಬರಹವನ್ನು ಜಾಮೀನಿನ ಮೇಲೆ ಹೊರಗಿದ್ದು ಬರೆಯಬೇಕಾಗುತ್ತಿತ್ತು.

ಮೂವತ್ತನಾಲ್ಕು ವರ್ಷ ಕ್ರಿಮಿನಲ್ ಕೋರ್ಟಿನಲ್ಲಿ ಗುಮಾಸ್ತನಾಗಿದ್ದು, ಕೊನೆಗೆ ಶಿರಸ್ತೇದಾರನಾಗಿ ನಿವೃತ್ತನಾದವನು ನಾನು. ಕೊಲೆಗೆ ಮುನ್ನೂರೆರಡು, ಕಳವಿಗೆ ಮುನ್ನೂರ ಎಪ್ಪತ್ತೊಂಬತ್ತು, ಮೋಸಕ್ಕೆ ನಾನೂರ ಇಪ್ಪತ್ತು. ಈ ಅಂಕಿಗಳು ನನಗೆ ಸೋದರಸಂಬಂಧಿಗಳಿದ್ದ ಹಾಗೆ. ನನ್ನ ಹೆಂಡತಿಯ ತವರಿನವರ ಹೆಸರು ತಪ್ಪಬಹುದು, ಇವು ತಪ್ಪುತ್ತಿರಲಿಲ್ಲ. ನಿವೃತ್ತಿಯಾದ ಮೇಲೆ ಜಯನಗರದ ಮನೆಯಲ್ಲಿ ಕೂತು ಸಾರಿನ ಉಪ್ಪಿನ ಬಗ್ಗೆ ದಿನವೂ ತೀರ್ಪು ಕೊಡತೊಡಗಿದಾಗ, ಹೆಂಡತಿಯೇ ಸಂಜೆ ಲಾ ಕಾಲೇಜಿನ ಅರ್ಜಿ ತಂದುಕೊಟ್ಟಳು. ಸೇರಿದೆ. ಸೇರುವಾಗಲೇ ಒಂದು ಸಂಕಲ್ಪ ಮಾಡಿಕೊಂಡೆ. ಬೇರೆ ಯಾವ ವಿಷಯದಲ್ಲಿ ಏನಾದರೂ ಆಗಲಿ, ಅಪರಾಧ ಕಾನೂನಿನಲ್ಲಿ ಮಾತ್ರ ನನಗಿಂತ ಒಂದು ಅಂಕವೂ ಹೆಚ್ಚಿಗೆ ಯಾರಿಗೂ ಬರಕೂಡದು. ಆಯುಷ್ಯವೆಲ್ಲ ನ್ಯಾಯಾಧೀಶರ ಪೀಠದ ಕೆಳಗೆ ಕೂತವನಿಗೆ ಒಂದೇ ಒಂದು ಸಲ ಮೇಲೆ ಕೂರುವ ಆಸೆ.

ಮೊದಮೊದಲು ಕೂತೂ ಇದ್ದೆ. ಭಾನುವಾರ ಸಂಜೆ ನಾಲ್ಕಕ್ಕೆ ಪಾರ್ಕಿನಲ್ಲಿ ನಮ್ಮ ತರಗತಿಯ ಕೆಲವರ ಓದುಕೂಟ. ಕೂಟದ ಸಿಮೆಂಟ್ ಬೆಂಚು ನನ್ನದು, ಉಳಿದ ನಾಲ್ವರು ಕೆಳಗೆ ಹುಲ್ಲಿನ ಮೇಲೆ. ಬಿಟಿಎಂ ಲೇಔಟಿನ ಪಿ.ಜಿ.ಯಿಂದ ಬರುತ್ತಿದ್ದ ಜಿಮ್ ಟ್ರೈನರ್ ಒಬ್ಬ ಅತ್ಯಂತ ಶ್ರದ್ಧೆಯ ಶಿಷ್ಯ. ಮಾತಿಗೊಮ್ಮೆ "ಸಾರ್" ಅನ್ನುತ್ತಿದ್ದ. ಅಂಥ ತೋಳಿನ ಮನುಷ್ಯ ಸಾರ್ ಅಂದರೆ ಅದರ ತೂಕವೇ ಬೇರೆ.

ತೊಂದರೆ ಇದ್ದದ್ದು ಒಂದೇ. ಸರ್ಕಾರ ನನ್ನನ್ನು ಒಂದು ಮಾತೂ ಕೇಳದೆ ಕಾನೂನಿನ ನಂಬರುಗಳನ್ನೆಲ್ಲ ಬದಲಾಯಿಸಿಬಿಟ್ಟಿತ್ತು. ಕೊಲೆಯ ಶಿಕ್ಷೆ ಈಗ ನೂರಾಮೂರು. ನಾನೊಂದು ಕೋಷ್ಟಕ ಮಾಡಿಕೊಂಡಿದ್ದೆ: ಎಡಕ್ಕೆ ಹಳೆಯದು ನೀಲಿ ಶಾಯಿಯಲ್ಲಿ, ಬಲಕ್ಕೆ ಹೊಸದು ಕೆಂಪಿನಲ್ಲಿ. ಯಾರಾದರೂ ಕೊಲೆ ಎಂದರೆ ನನ್ನ ತಲೆಯಲ್ಲಿ ಮೊದಲು ಮುನ್ನೂರೆರಡು ಏಳುತ್ತಿತ್ತು, ಬಟ್ಟೆ ಬದಲಿಸುತ್ತಿತ್ತು, ಆಮೇಲೆ ನೂರಾಮೂರಾಗಿ ಬಾಯಿಂದ ಹೊರಬರುತ್ತಿತ್ತು. ಈ ಬಟ್ಟೆ ಬದಲಿಸುವ ವಿಳಂಬವನ್ನು ಶಿಷ್ಯರು ಪಾಂಡಿತ್ಯದ ಗಾಂಭೀರ್ಯವೆಂದು ತಿಳಿದಿದ್ದರು.

ಹೀಗಿರುವಾಗ ಆಕೆ ಬಂದಳು. ನಮ್ಮದೇ ತರಗತಿಯವಳು, ಸಿಟಿ ಬಸ್ಸಿನ ಕಂಡಕ್ಟರ್. ಬನಶಂಕರಿಯಿಂದ ಉತ್ತರಹಳ್ಳಿಗೆ ಹೋಗಿಬರುವ ಬಸ್ಸು. ವಯಸ್ಸು ನಲವತ್ತರ ಹತ್ತಿರ. ಅಷ್ಟು ದಿನ ಭಾನುವಾರ ಸಂಜೆ ಪಾಳಿಯಿದ್ದದ್ದು ಬೆಳಗಿಗೆ ಬದಲಾಗಿತ್ತಂತೆ. ಖಾಕಿ ಅಂಗಿಯ ಮೇಲೆ ಸ್ವೆಟರ್ ಹಾಕಿಕೊಂಡೇ ಹುಲ್ಲಿನ ಮೇಲೆ ಕೂತಳು. ನಾನು ಔದಾರ್ಯದಿಂದ ಒಂದು ಸುಲಭದ ಪ್ರಶ್ನೆ ಕೇಳಿದೆ.

"ಕೊಲೆಯ ಶಿಕ್ಷೆ ಎಲ್ಲಿ ಬರುತ್ತಮ್ಮಾ?"

"ಚಿಕ್ಕಲ್ಲಸಂದ್ರದಲ್ಲಿ ಸಾರ್."

ಎಲ್ಲರೂ ನಕ್ಕರು. ಅವಳು ನಗಲಿಲ್ಲ. "ನಂಗೆ ಸ್ಟಾಪ್ ಲೆಕ್ಕದಲ್ಲೇ ನೆನಪಿರೋದು. ನೂರು ಬನಶಂಕರಿ, ಪ್ರಾಣಹಾನಿ ಹತ್ಕೊಳ್ಳತ್ತೆ. ನೂರೊಂದು ಕದಿರೇನಹಳ್ಳಿ, ಅದು ಕೊಲೆ ಅಂತ ಯಾವಾಗ ಆಗತ್ತೆ ಅಂತ. ನೂರಾಎರಡು ಪದ್ಮನಾಭನಗರ, ಒಬ್ಬನಿಗೆ ಗುರಿಯಿಟ್ಟು ಇನ್ನೊಬ್ಬ ಸಾಯೋದು. ನೂರಾಮೂರು ಚಿಕ್ಕಲ್ಲಸಂದ್ರ, ಕೊಲೆಗಾರ ಇಳೀತಾನೆ. ರೈಟ್, ಮುಂದಕ್ಕೆ."

"ಅಕ್ಕಾ, ಸಖತ್!" ಎಂದ ಟ್ರೈನರ್. ಐದು ನಿಮಿಷದಲ್ಲಿ ಅವನೂ ಉತ್ತರಹಳ್ಳಿಯವರೆಗೆ ಹೋಗಿ, ನೂರೊಂಬತ್ತರ ಕೊಲೆಯತ್ನವನ್ನು ಹತ್ತಿಸಿಕೊಂಡು ವಾಪಸ್ ಬಂದಿದ್ದ. ನಾನು ಮೂರು ವಾರ ಕಲಿಸಿದ್ದು ಇಷ್ಟನ್ನೇ.

"ಪಾಪ, ಚಿಕ್ಕಲ್ಲಸಂದ್ರದವರು ಮಾನನಷ್ಟ ಮೊಕದ್ದಮೆ ಹಾಕ್ತಾರೆ" ಎಂದು ನಾನೊಂದು ಹಾಸ್ಯ ಮಾಡಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ.

"ಹಳೇ ನಂಬರು ಗೊತ್ತಿದ್ದರೆ ಅಡಿಪಾಯ ಭದ್ರವಾಗಿರುತ್ತೆ" ಎಂದೆ.

"ನಂಗೆ ಹಳೇದು ಗೊತ್ತೇ ಇಲ್ವಲ್ಲ ಸಾರ್" ಅಂದಳು ನಿರ್ಮಲವಾಗಿ. "ಹಂಗಾಗಿ ಮರೆಯೋ ತಾಪತ್ರಯಾನೂ ಇಲ್ಲ."

ಆ ಮಾತಿನಲ್ಲಿ ದುರುದ್ದೇಶವಿರಲಿಲ್ಲ. ಅದೇ ಅದರ ಕ್ರೌರ್ಯ. ಮುಂದಿನ ವಾರದಿಂದ ಅವಳು ಎಲ್ಲರಿಗೂ ಅಕ್ಕನಾದಳು, ನಾನು ಸಾರ್ ಇದ್ದವನು ಅಂಕಲ್ ಆದೆ. ಈ ಹಿಂಬಡ್ತಿಗೆ ನೋಟಿಸೂ ಇಲ್ಲ, ವಿಚಾರಣೆಯೂ ಇಲ್ಲ.

ಈಗ ನನ್ನ ಅಪರಾಧಕ್ಕೆ ಬರುತ್ತೇನೆ. ಕೋರ್ಟಿನಲ್ಲಿ ತೀರ್ಪು ನ್ಯಾಯಾಧೀಶರದು, ವಾದ ವಕೀಲರದು. ಗುಮಾಸ್ತನ ಕೈಯಲ್ಲಿರುವುದು ವಾಯಿದೆ ಒಂದೇ. ಯಾವ ಕೇಸಿಗೆ ಯಾವ ದಿನ, ಯಾವ ಹೊತ್ತು ಎಂಬುದು. ಎಂಥೆಂಥ ಸಿಂಹಗಳಂಥ ವಕೀಲರನ್ನು ಬರೀ ವಾಯಿದೆಯಿಂದ ಪಳಗಿಸಿದ ಕೈ ಇದು. ಆಕೆ ತನ್ನ ಪಾಳಿಯ ಪಟ್ಟಿಯನ್ನು ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದ್ದಳು. ಭಾನುವಾರ ಬೆಳಿಗ್ಗೆ ಆರರಿಂದ ಎರಡು. ನಾನು ಅದನ್ನು ಕನ್ನಡಕ ಹಾಕಿಕೊಂಡು ಓದಿ, "ಬೆಳಗಿನ ಹೊತ್ತು ಬುದ್ಧಿ ತಿಳಿಯಾಗಿರುತ್ತದೆ. ಇನ್ನು ಮುಂದೆ ಕೂಟ ಒಂಬತ್ತಕ್ಕೆ" ಎಂದು ಆದೇಶ ಹೊರಡಿಸಿದೆ.

"ಸರಿ ಸಾರ್, ನಂಗೆ ಡ್ಯೂಟಿ, ನೀವು ಮಾಡ್ಕೊಳ್ಳಿ" ಎಂದು ಅವಳು ಕೈಮುಗಿಯುವ ಚಿತ್ರ ಹಾಕಿದಳು. ಒಂದು ಕ್ಷಣ ನಾಚಿಕೆಯಾಯಿತು. ಒಂದೇ ಕ್ಷಣ.

ಮೊದಲ ಭಾನುವಾರ ನಾಲ್ವರೂ ಬಂದರು. ಎರಡನೆಯ ಭಾನುವಾರ ಇಬ್ಬರು. ಮೂರನೆಯ ಭಾನುವಾರ ನನ್ನ ಬೆಂಚಿನ ಮುಂದೆ ನಗೆಕೂಟದ ಹಿರಿಯರು ಸಾಲಾಗಿ ನಿಂತು ಹಹ್ಹಹ್ಹಾ ಎನ್ನುತ್ತಿದ್ದರು, ನನ್ನವರು ಒಬ್ಬರೂ ಇಲ್ಲ. ಮೊಬೈಲಿಗೆ ಒಂದು ಫೋಟೋ ಬಂತು. ಬಸ್ಸಿನ ಹಿಂದಿನ ಉದ್ದ ಸೀಟು. ಅದರ ಮೇಲೆ ನನ್ನ ನಾಲ್ವರು ಶಿಷ್ಯರು, ತೊಡೆಯ ಮೇಲೆ ಪುಸ್ತಕ, ಕೈಯಲ್ಲಿ ಟಿಕೆಟ್ಟು. ಕೆಳಗೆ ಟ್ರೈನರ್ ಬರೆದಿದ್ದ: "ಅಂಕಲ್, ಸಂಡೇ ಬಸ್ ಖಾಲಿ ಇರತ್ತೆ. ಅಕ್ಕ ಸ್ಟಾಪಿಗೊಂದು ಸೆಕ್ಷನ್ ಕೇಳ್ತಾರೆ. ನೀವೂ ಬನ್ನಿ."

ನಾನು ಹೋಗಲಿಲ್ಲ. ಪ್ರತಿಷ್ಠೆ ಎಂಬುದೊಂದು ಇರುತ್ತದೆ. ಆದರೆ ಹೆಂಡತಿ ಉತ್ತರಹಳ್ಳಿಯ ತಂಗಿಯ ಮನೆಗೆ ಹೋಗಿಬಂದವಳು, ಹುರುಳಿಕಾಯಿ ನಾರು ತೆಗೆಯುತ್ತಾ, "ರೀ, ಕೊಲೆ ಚಿಕ್ಕಲ್ಲಸಂದ್ರ ಅಲ್ವಾ?" ಎಂದಳು.

"ಯಾರು ಹೇಳಿದ್ದು?"

"ನಿಮ್ಮ ಕಂಡಕ್ಟರಮ್ಮ. ಎಷ್ಟು ಚೆನ್ನಾಗಿ ಹೇಳ್ಕೊಡ್ತಾಳೆ! ನೀವು ವರ್ಷವೆಲ್ಲ ಗೊಣಗ್ತಿದ್ರಿ, ನಂಗೆ ಒಂದೂ ತಲೆಗೆ ಹತ್ತಿರಲಿಲ್ಲ."

ನನ್ನ ಮನೆ, ನನ್ನ ಹುರುಳಿಕಾಯಿ, ನನ್ನ ಹೆಂಡತಿ. ಆಸ್ತಿಯ ಅತಿಕ್ರಮ ಪ್ರವೇಶಕ್ಕೆ ಇನ್ನೇನು ಬೇಕು? ಆ ಸೆಕ್ಷನ್ನಿನ ಹೊಸ ನಂಬರು ಮಾತ್ರ ತಕ್ಷಣಕ್ಕೆ ಹೊಳೆಯಲಿಲ್ಲ.

ಪರೀಕ್ಷೆಯ ದಿನ ಕೊಠಡಿಯ ಹೊರಗೆ, ಬ್ಯಾಗುಗಳನ್ನು ಗೋಡೆಗೆ ಒರಗಿಸಿಡುವಾಗ ಆಕೆ ಹತ್ತಿರ ಬಂದಳು. ಧ್ವನಿ ತಗ್ಗಿಸಿ, "ಸಾರ್, ಬೇಜಾರ್ ಮಾಡ್ಕೋಬೇಡಿ. ಅವಸರದಲ್ಲಿ ನಿಮ್ಮ ಬಾಯಲ್ಲಿ ಹಳೇದೇ ಬರತ್ತೆ. ನೂರಾಮೂರು, ಜ್ಞಾಪಕ ಇರ್ಲಿ" ಎಂದಳು.

"ಅಮ್ಮಾ, ನೀವು ಸ್ಕೂಲಿಗೆ ಹೋಗ್ತಿದ್ದಾಗ ನಾನು ಕೊಲೆ ಕೇಸಿನ ಫೈಲು ಹೊಲೀತಿದ್ದೆ" ಎಂದೆ.

"ಅದಕ್ಕೇ ಸಾರ್ ಹೇಳಿದ್ದು" ಅಂದಳು.

ಉರಿಯುತ್ತಾ ಒಳಗೆ ಹೋದೆ. ನೀರಿನ ನಲ್ಲಿಯ ಜಗಳದಲ್ಲಿ ಒಬ್ಬ ನೆರೆಯವನನ್ನು ಮಚ್ಚಿನಿಂದ ಕೊಂದ ಪ್ರಶ್ನೆ ಬಂದಿತ್ತು. ಅಬ್ಬಾ, ಎಂಥ ಪ್ರಶ್ನೆ! ಇಂಥ ನಲ್ಲಿಗಳನ್ನೂ ಮಚ್ಚುಗಳನ್ನೂ ನಾನು ಕಣ್ಣಾರೆ ಕಂಡವನು. ಉದ್ದೇಶ, ಅರಿವು, ಗಾಯದ ಸ್ವರೂಪ, ಪ್ರಚೋದನೆಯ ವಿನಾಯಿತಿ ಎಲ್ಲವನ್ನೂ ತೀರ್ಪಿನ ಗತ್ತಿನಲ್ಲಿ ಆರು ಪುಟ ಬರೆದೆ. ಕೊನೆಯಲ್ಲಿ ಆರೋಪಿಗೆ ಶಿಕ್ಷೆ ವಿಧಿಸಿ, ಸೆಕ್ಷನ್ನಿನ ಕೆಳಗೆ ಎರಡು ಗೆರೆ ಎಳೆದೆ. ಕಂಡಕ್ಟರು ನನಗೆ ಹೇಳಿಕೊಡಬೇಕೆ, ಎಂದು ಎರಡನೆಯ ಗೆರೆಯನ್ನು ಕೊಂಚ ಜೋರಾಗಿಯೇ ಎಳೆದೆ.

ಹೊರಗೆ ಬಂದಾಗ ಟ್ರೈನರ್ ಕೇಳಿದ, "ಅಂಕಲ್, ಮಚ್ಚಿನ ಕೇಸಿಗೆ ಏನ್ ಹಾಕಿದ್ರಿ?"

"ಮುನ್ನೂರೆರಡು."

ಹೇಳಿದ ಮೇಲೆ ನನಗೇ ಕೇಳಿಸಿತು. ಅದು ಆವತ್ತು ಬಟ್ಟೆ ಬದಲಿಸದೆಯೇ ಹೊರಟುಬಂದಿತ್ತು.

"ಗುರು, ಹೊಸದರಲ್ಲಿ ಮುನ್ನೂರೆರಡು ಅಂದ್ರೆ ಧಾರ್ಮಿಕ ಭಾವನೆಗೆ ನೋವಾಗೋ ಹಂಗೆ ಮಾತಾಡೋದು!" ಎಂದ ಅವನು, ಗಾಬರಿಯಲ್ಲಿ ಅಂಕಲ್ ಅನ್ನುವುದನ್ನೂ ಮರೆತು.

ಅಂದರೆ ನನ್ನ ಆರೋಪಿ ಹಾಡುಹಗಲೇ ನೆರೆಯವನನ್ನು ಕೊಚ್ಚಿಹಾಕಿ, ಆತನ ಭಾವನೆಗಳನ್ನು ನೋಯಿಸಿದ್ದಕ್ಕಾಗಿ ಮಾತ್ರ ಜೈಲಿಗೆ ಹೋಗಲಿದ್ದ. ಆಕೆ ಪಕ್ಕದಲ್ಲೇ ನಿಂತಿದ್ದಳು. ನಗಲಿಲ್ಲ. ನಕ್ಕಿದ್ದರೆ ದ್ವೇಷಿಸಲು ಒಂದು ಕಾರಣವಾದರೂ ಸಿಗುತ್ತಿತ್ತು. "ಉಳಿದಿದ್ದೆಲ್ಲ ಚೆನ್ನಾಗಿ ಬರ್ದಿರ್ತೀರ ಬಿಡಿ ಸಾರ್" ಎಂದು, ಡ್ಯೂಟಿಗೆ ಹೊತ್ತಾಯಿತೆಂದು ಹೊರಟುಹೋದಳು.

ಫಲಿತಾಂಶ ಬಂತು. ಅಪರಾಧ ಕಾನೂನಿನಲ್ಲಿ ತರಗತಿಗೆ ಮೊದಲು ಯಾರೆಂದು ಹೇಳುವ ಅಗತ್ಯವಿಲ್ಲ. ನನಗೆ ಪಾಸಿಗೆ ಬೇಕಾದ್ದಕ್ಕಿಂತ ಎರಡು ಹೆಚ್ಚು. ಆ ದಿನ ಮನೆಯಲ್ಲಿ ಶ್ಯಾವಿಗೆ ಪಾಯಸವಾಗಿತ್ತು. ನಾನು ಪಾಸಾದದ್ದಕ್ಕೆಂದು ನಂಬಿ ಎರಡು ಲೋಟ ಕುಡಿದೆ. ಮೂರನೆಯದಕ್ಕೆ ಕೈಚಾಚಿದಾಗ ಹೆಂಡತಿ ಪಾತ್ರೆ ಸರಿಸಿಕೊಂಡು, ಉಳಿದದ್ದನ್ನು ಸ್ಟೀಲ್ ಡಬ್ಬಿಗೆ ಹಾಕಿದಳು. "ನಾಳೆ ಭಾನುವಾರ. ಆ ಕಂಡಕ್ಟರಮ್ಮನಿಗೆ ಕೊಟ್ಟು ಬನ್ನಿ. ಮಾಡಿದ್ದೇ ಅವಳಿಗೆ."

ಡಬ್ಬಿ ಹಿಡಿದು ಬನಶಂಕರಿಯಲ್ಲಿ ಬಸ್ಸು ಹತ್ತಿದೆ. ಪರೀಕ್ಷೆ ಮುಗಿದಿದ್ದರೂ ಹಿಂದಿನ ಉದ್ದ ಸೀಟಿನಲ್ಲಿ ನಾಲ್ವರೂ ಇದ್ದರು. ನನ್ನನ್ನು ಕಂಡು ಸರಿದು ಜಾಗ ಮಾಡಿದರು, ಮೂಲೆಯಲ್ಲಿ. ಆಕೆ ಟಿಕೆಟ್ ಯಂತ್ರ ಹಿಡಿದು ಬಂದಳು.

"ಎಲ್ಲಿಗೆ ಸಾರ್?"

ನನಗೆ ಎಲ್ಲಿಗೂ ಹೋಗಬೇಕಾಗಿರಲಿಲ್ಲ. "ಚಿಕ್ಕಲ್ಲಸಂದ್ರ" ಎಂದೆ.

ಅವಳು ನನ್ನ ಮುಖ ನೋಡಿದಳು. ಯಂತ್ರ ಕಿರ್ರೆಂದು ಟಿಕೆಟ್ಟು ಹೊರಗೆ ಹಾಕಿತು. ಡಬ್ಬಿ ಕೊಡುತ್ತಾ, ತಪ್ಪೊಪ್ಪಿಗೆಯನ್ನೂ ಜೊತೆಯಲ್ಲೇ ಮುಗಿಸಿಬಿಡೋಣವೆಂದು, "ಕೂಟದ ಹೊತ್ತು ಬದಲಾಯಿಸಿದ್ದು ಬುದ್ಧಿ ತಿಳಿಯಾಗಲಿ ಅಂತಲ್ಲ" ಎಂದೆ.

"ಗೊತ್ತು ಸಾರ್. ಡ್ಯೂಟಿ ಚಾರ್ಟ್ ಗ್ರೂಪಲ್ಲಿ ಹಾಕಿದ್ದೇ ನಾನಲ್ವಾ" ಎಂದಳು. ಡಬ್ಬಿಯನ್ನು ತನ್ನ ಸೀಟಿನ ಪಕ್ಕ ಭದ್ರವಾಗಿ ಇಟ್ಟಳು.

ಬಸ್ಸು ಹೊರಟಿತು. ಕದಿರೇನಹಳ್ಳಿಯಲ್ಲಿ ಟ್ರೈನರಿಗೆ ಒಂದು ಪ್ರಶ್ನೆ, ಪದ್ಮನಾಭನಗರದಲ್ಲಿ ಇನ್ನೊಬ್ಬರಿಗೆ. ಅವಳ ಧ್ವನಿ ಇಂಜಿನ್ನಿನ ಸದ್ದನ್ನು ಸೀಳಿ ಹಿಂದಿನ ಸೀಟಿನವರೆಗೂ ಬರುತ್ತಿತ್ತು. ಮೂವತ್ತನಾಲ್ಕು ವರ್ಷ ಕೋರ್ಟಿನಲ್ಲಿ ಹೆಸರು ಕೂಗಿಸಿದವನು ನಾನು, ಅಂಥ ಗಂಟಲು ಒಬ್ಬ ಜವಾನನಿಗೂ ಇರಲಿಲ್ಲ. ಅದಕ್ಕೂ ಹೊಟ್ಟೆ ಉರಿಯಿತು.

"ಚಿಕ್ಕಲ್ಲಸಂದ್ರ! ಸಾರ್, ಹೇಳಿ."

"ನೂರಾಮೂರು" ಎಂದೆ. ಈ ಸಲ ಬೇರೆ ಯಾವುದೂ ಮೊದಲು ಏಳಲಿಲ್ಲ. ಎದ್ದಿರಲಿಲ್ಲವೆಂದೇ ನನ್ನ ಹೇಳಿಕೆ.

ಬಾಗಿಲು ತೆರೆಯಿತು, ಮುಚ್ಚಿತು. ನಾನು ಇಳಿಯಲಿಲ್ಲ. ಆಕೆ ಯಂತ್ರ ಹಿಡಿದು ಮತ್ತೆ ಹತ್ತಿರ ಬಂದಳು.

"ನಿಮ್ಮ ಟಿಕೆಟ್ ಇಲ್ಲೀವರ್ಗೆ ಮಾತ್ರ ಸಾರ್. ಮುಂದಕ್ಕೆ ಬರೋದಾದ್ರೆ ಇನ್ನೊಂದು ತಗೋಬೇಕು."

ತೆಗೆದುಕೊಂಡೆ.