ಕಾಲಿಲ್ಲದ ಹಾವುರಾಣಿಯ ದಹನ

ನನ್ನ ಗಂಡನ ಅಣ್ಣನನ್ನು ಕಂಡರೆ ನನಗಾಗದು. ಮೊದಲೂ ಅಷ್ಟಕ್ಕಷ್ಟೇ ಇತ್ತು. ಬೆಳುವಾಯಿಯಲ್ಲಿ ಅವರಿರುವ ಹಿರಿಮನೆಯ ಹಿಂದಿನ ಗುಡ್ಡೆಯನ್ನು ಅಗೆಸಿ ಸಮ ಮಾಡಿಸಲು ಹೊರಟ ದಿನದಿಂದ ಅದೂ ಉಳಿದಿಲ್ಲ.

ಆ ಗುಡ್ಡೆಯ ತರಗೆಲೆಯ ಅಡಿಯಲ್ಲಿ ಹಿಂದಿನ ವರ್ಷ ನಾನೊಂದು ಜೀವಿಯನ್ನು ಕಂಡಿದ್ದೆ. ಕಿರುಬೆರಳ ದಪ್ಪ, ಎಣ್ಣೆ ಹಚ್ಚಿದಂತೆ ಹೊಳೆಯುವ ಮೈ, ಕಾಲೇ ಇಲ್ಲ. ಹಾವೆಂದುಕೊಂಡು ಬಗ್ಗಿದರೆ ಕಣ್ಣು ಮಿಟುಕಿಸಿತು. ಹಾವಿಗೆ ರೆಪ್ಪೆ ಎಲ್ಲಿಂದ ಬರಬೇಕು? ಮೂಡುಬಿದಿರೆಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುವ ನಾನು ಅಲ್ಲೇ ಮಂಡಿಯೂರಿ ಕೂತೆ. ಹಾವುರಾಣಿ ಹಲ್ಲಿಯ ಬಳಗದ್ದು, ಆದರೆ ಕಾಲಿಲ್ಲದ ಹಾವುರಾಣಿ ನಮ್ಮ ಕಡೆ ಇದೆಯೆಂದು ಯಾರೂ ಬರೆದದ್ದನ್ನು ನಾನು ಓದಿಲ್ಲ. ಹಿಡಿಯುವ ಮೊದಲೇ ಅದು ಮಣ್ಣಿಗಿಳಿಯಿತು. ಇನ್ನೊಮ್ಮೆ ಸಿಕ್ಕರೆ ತಿಳಿದವರಿಗೆ ತೋರಿಸಬೇಕೆಂದು ರಜೆ ಬಂದಾಗಲೆಲ್ಲ ಆ ಗುಡ್ಡೆ ಸುತ್ತಿದೆ.

ಬಂಟ್ವಾಳದಿಂದ ಜೆಸಿಬಿ ಬಂದ ಬೆಳಿಗ್ಗೆ ಅದು ಸಿಕ್ಕಿತು, ಎರಡು ತುಂಡಾಗಿ. ಓರಗಿತ್ತಿ ಫೋನು ಮಾಡಿದರು. ತೆಗೆದಿಡಿ, ಬರುತ್ತೇನೆ ಎಂದು ಬಸ್ಸು ಹತ್ತಿದೆ. ಹೋಗಿ ನೋಡಿದರೆ ಭಟ್ಟರು ಕೂತಿದ್ದಾರೆ. ಬಿಳಿ ಬಟ್ಟೆ ಸುತ್ತಿ ಕಟ್ಟಿಗೆಯ ಮೇಲೆ ಮಲಗಿಸಿ ಆಗಿದೆ. ನಾಗರಹಾವು ಸತ್ತರೆ ನಮ್ಮಲ್ಲಿ ಮನುಷ್ಯರಿಗೆ ಮಾಡಿದಂತೆಯೇ ದಹನ. ಇದನ್ನೂ ನಾಗನ ಮರಿಯೆಂದು ತೀರ್ಮಾನಿಸಿದ್ದರು.

“ಅದು ಹಾವಲ್ಲ ಭಾವ, ಹಾವುರಾಣಿ. ನನಗೆ ಕೊಡಿ.”

“ಕಾಲು ಎಲ್ಲಿ ಉಂಟು? ನಾಗನನ್ನು ಬಾಟ್ಲಿಯಲ್ಲಿ ಹಾಕಿಡ್ಲಿಕ್ಕೆ ಕೇಳ್ತೀಯಲ್ಲ, ಮಕ್ಕಳಿರುವ ಮನೆ ಇದು.”

“ಕಣ್ಣಿನ ರೆಪ್ಪೆಯಾದರೂ ನೋಡಿ.”

“ಕಾಲೇಜಿನ ಪಾಠ ಕಾಲೇಜಿನಲ್ಲಿ ಮಾಡು.”

ತುಪ್ಪ ಸುರಿದರು. ನನ್ನ ಕಣ್ಣೆದುರಿಗೇ ಉರಿದುಹೋಯಿತು. ಸಿಟ್ಟಿಗೆ ಅಳು ಬಂತು. ಅದನ್ನು ಭಕ್ತಿಯೆಂದು ತಿಳಿದು ಓರಗಿತ್ತಿ ನನ್ನ ಬೆನ್ನು ಸವರಿದರು. ಮೈಯೆಲ್ಲ ಉರಿಯಿತು.

ಭಟ್ಟರು ಏಳುವಾಗ, ನಾಗ ಸತ್ತ ಜಾಗ, ಜ್ಯೋತಿಷಿಗಳಲ್ಲಿ ಕೇಳದೆ ಇನ್ನು ಅಗೆಯುವುದು ಬೇಡ ಎಂದರು. ಜೆಸಿಬಿಯ ಡ್ರೈವರ್ ಕೀಲಿಯನ್ನು ಕಿಸೆಗೆ ಹಾಕಿಕೊಂಡ. ನನಗೆ ಹೋದ ಜೀವ ಬಂದಂತಾಯಿತು. ಒಂದು ಸತ್ತರೂ ಗುಡ್ಡೆ ಉಳಿಯುತ್ತದೆ, ಮಣ್ಣಿನೊಳಗೆ ಬೇರೆಯವು ಇದ್ದೇ ಇರುತ್ತವೆ.

ಭಾವ ಮುಖದ ಬೆವರು ಒರೆಸಿಕೊಂಡು ನನ್ನ ಕಡೆ ತಿರುಗಿದರು.

“ಅದು ಹಾವೇ ಅಲ್ಲ ಅಂತ ಇವಳು ಆಗಲೇ ಹೇಳಿದಳಲ್ಲ ಭಟ್ರೇ. ಅದನ್ನೇ ಕಲಿತವಳು, ಅದನ್ನೇ ಕಲಿಸುವವಳು. ಹೇಳು, ಎಂತ ಅದು?”

ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

“ನಾಗನೇ,” ಎಂದೆ.

ಡ್ರೈವರ್ ನನ್ನ ಮುಖ ನೋಡಿದ. ಕಿಸೆಯಿಂದ ಕೀಲಿ ತೆಗೆದು ಜೆಸಿಬಿಯನ್ನು ಬಂಟ್ವಾಳದ ದಾರಿಗೆ ತಿರುಗಿಸಿದ.