ಎರಡು ಫೋನಿನ ಅಕ್ಕ

ಆಸ್ಪತ್ರೆಗಳಿಗೆ ಬದಲಿ ನರ್ಸುಗಳನ್ನು ಒದಗಿಸುವುದು ನಮ್ಮ ಕಂಪನಿಯ ಕೆಲಸ; ಅದಕ್ಕೆ ಬೇಕಾದ ಸುಳ್ಳುಗಳನ್ನು ಒದಗಿಸುವುದು ನನ್ನ ಎದುರು ಮೇಜಿನ ಅಕ್ಕನ ಕೆಲಸ. ಎಡಗಿವಿಯ ಫೋನಿನಲ್ಲಿ ಆಸ್ಪತ್ರೆಯವರಿಗೆ, "ಹೊರಟು ಅರ್ಧ ಗಂಟೆ ಆಯ್ತು ಸಾರ್, ಇನ್ನೇನು ನಿಮ್ಮ ಗೇಟ್ ಹತ್ರ ಇರ್ತಾರೆ" ಎನ್ನುತ್ತಲೇ, ಬಲಗಿವಿಯ ಫೋನಿನಲ್ಲಿ ಅದೇ ನರ್ಸನ್ನು, "ಏಳೇ ತಾಯಿ, ಹಲ್ಲುಜ್ಜು" ಎಂದು ಎಬ್ಬಿಸುತ್ತಿರುತ್ತಾಳೆ. ನಲವತ್ತು ರೋಗಿಗಳ ವಾರ್ಡು ಅವಳ ಬಾಯಲ್ಲಿ, "ನಾಲ್ಕೇ ಜನ ಕಣೇ, ಅವರೂ ಮಲಗಿರ್ತಾರೆ" ಎಂದಾಗುತ್ತದೆ. ಮನೆಯಲ್ಲಿ ಗಂಡ ತಲೆನೋವು ಎಂದರೂ, "ನಿಮ್ಮ ಬದಲಿಗೆ ಯಾರನ್ನ ಕಳಿಸ್ಲಿ?" ಎನ್ನುತ್ತಾಳಂತೆ. ಅವಳ ಸುಳ್ಳುಗಳಿಗೆ ಆಯಸ್ಸು ಹೆಚ್ಚೆಂದರೆ ಅರ್ಧ ಗಂಟೆ. ಒಂದು ಮಾತ್ರ ಎರಡು ವರ್ಷದಿಂದ ಗಟ್ಟಿಮುಟ್ಟಾಗಿದೆ. ದೊಡ್ಡಾಸ್ಪತ್ರೆಯ ಮೂರನೇ ವಾರ್ಡಿನವರು ನಮ್ಮ ಚುರುಕು ನರ್ಸೊಬ್ಬಳ ಹೆಸರು ಹೇಳಿ, ಅವಳನ್ನೇ ಕಳಿಸಿ ಎಂದಾಗಲೆಲ್ಲ ಅಕ್ಕ, "ಅಯ್ಯೋ, ಅವರಿಗೆ ಜ್ವರ ಸಾರ್" ಎನ್ನುತ್ತಾಳೆ. ಇವತ್ತು ತಡೆಯಲಾರದೆ ಕೇಳಿದೆ: "ಅದೇನಕ್ಕಾ, ಆ ವಾರ್ಡು ಅಂದ್ರೆ ಸಾಕು ಅವಳಿಗೆ ಜ್ವರ ಬರುತ್ತಲ್ಲ?" ನಾನು ಕಂಡಂತೆ ಮೊದಲ ಸಲ ಅಕ್ಕ ಎರಡೂ ಫೋನನ್ನು ಕೆಳಗಿಟ್ಟಳು. "ಕಳಿಸಿದ್ರೆ ಇಲ್ಲ ಅನ್ನದೆ ಹೋಗ್ತಾಳೆ ಕಣೋ. ಅವಳಮ್ಮ ತೀರಿಕೊಂಡಿದ್ದು ಅಲ್ಲೇ, ಕಿಟಕಿ ಪಕ್ಕದ ಮಂಚದಲ್ಲಿ."