ಸಿಂದಗಿ ಮಾಸ್ತರರ ಕಣ್ಣುಗಳು

ಇದನ್ನು ಹೇಳಬೇಕೆಂದು ಎಷ್ಟೋ ವರ್ಷಗಳಿಂದ ಅಂದುಕೊಂಡು, ಪ್ರತಿ ಸಲವೂ ಮುಂದೂಡಿದ್ದೇನೆ. ಹೆಂಡತಿ ಇರುವಾಗ ಅವಳ ಮುಂದೆ ಸಣ್ಣವನಾಗುತ್ತೇನೆಂಬ ಅಂಜಿಕೆ ಇತ್ತು. ಈಗ ಅವಳಿಲ್ಲ, ನೆವವೂ ಇಲ್ಲ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ನಾನು ಬಸವನ ಬಾಗೇವಾಡಿಯವನು, ನನ್ನ ಗೆಳೆಯ ಮನಗೂಳಿಯವನು. ಒಂದೇ ಹೈಸ್ಕೂಲಿನಲ್ಲಿ ಒಂದೇ ಬೆಂಚಿನ ಮೇಲೆ ಕುಳಿತು ಓದು ಮುಗಿಸಿ, ಜಿಲ್ಲೆಯ ಊರಿನ ಕಣ್ಣಿನ ದವಾಖಾನೆಯಲ್ಲಿ ಒಟ್ಟಿಗೇ ಕೆಲಸಕ್ಕೆ ಸೇರಿದೆವು. ಕಣ್ಣಿಗೆ ಔಷಧ ಬಿಡುವುದು, ಪಟ್ಟಿ ಕಟ್ಟುವುದು, ಸಲಕರಣೆ ಕುದಿಸುವುದು ನಮ್ಮಿಬ್ಬರ ಕೆಲಸ. ಇರಲು ಒಂದೇ ಖೋಲಿ, ಚಹಾ ಕಾಸಲು ಒಂದೇ ಸ್ಟೋವು.

ಆಗ ಸತ್ತವರ ಕಣ್ಣು ತೆಗೆದರೆ ಬರ್ಫದ ಡಬ್ಬಿಯಲ್ಲಿಟ್ಟು ಒಂದೆರಡು ದಿನದೊಳಗೆ ಕುರುಡರ ಕಣ್ಣಿಗೆ ಕೂಡಿಸಬೇಕಿತ್ತು. ಮುದ್ದೇಬಿಹಾಳದ ಕಡೆಯ ರೋಗಿಗೆ ಸುದ್ದಿ ಮುಟ್ಟಿ ಅವರು ಬಸ್ಸು ಹಿಡಿಯುವುದರೊಳಗೆ ಕಣ್ಣು ಕೆಟ್ಟಿರುತ್ತಿತ್ತು. ಪರದೇಶದಲ್ಲಿ ಕಲಿತು ಬಂದ ನಮ್ಮ ಡಾಕ್ಟರು ಹೊಸ ವಿಧಾನವೊಂದನ್ನು ಮಾಡಿ ನೋಡಲು ಹೊರಟರು. ಕಣ್ಣಿನ ಮುಂದಿನ ತಿಳಿಪೊರೆಯನ್ನು, ಅಂದರೆ ಕಾರ್ನಿಯಾವನ್ನು ಬಿಡಿಸಿ, ಪೋಷಕ ದ್ರವ ತುಂಬಿದ ಬಾಟಲಿಯಲ್ಲಿ ಇಳಿಬಿಟ್ಟು, ಹೆಚ್ಚುಕಡಿಮೆ ಮೈಯಷ್ಟೇ ಬೆಚ್ಚಗಿರುವ ಪೆಟ್ಟಿಗೆಯಲ್ಲಿ ಇಡುವುದು. ಅಲ್ಲಿ ಅದು ವಾರಗಟ್ಟಲೆ ಜೀವ ಹಿಡಿದಿರುತ್ತದೆ. ದ್ರವ ನಸುಗೆಂಪಗೆ ತಿಳಿಯಾಗಿದ್ದರೆ ಕ್ಷೇಮ. ಹಳದಿಗೆ ತಿರುಗಿ ಕದಡಿದರೆ ನಂಜು ಸೇರಿದೆ ಎಂದರ್ಥ, ಚೆಲ್ಲಬೇಕು.

ಆ ಪೆಟ್ಟಿಗೆಯನ್ನು ಡಾಕ್ಟರು ಅವನಿಗೆ ವಹಿಸಿದರು. ನನಗಲ್ಲ.

ಅವನ ಕೈ ನನ್ನದಕ್ಕಿಂತ ಸ್ವಚ್ಛವೇನೂ ಆಗಿರಲಿಲ್ಲ ಎಂದು ಈಗಲೂ ಮನಸ್ಸು ಹಟ ಹಿಡಿಯುತ್ತದೆ. ಮೊಣಕೈತನಕ ಸಾಬೂನು ಹಚ್ಚಿ ತೊಳೆದು, ಕೈಗಳನ್ನು ಎದೆಯ ಮುಂದೆ ಎತ್ತಿ ಹಿಡಿದು ಅವನು ಆ ಕೋಣೆಗೆ ಹೋಗುವಾಗ ನಾನು ಬಾಗಿಲು ತೆಗೆಯಬೇಕಿತ್ತು. ಡಾಕ್ಟರು ಅವನನ್ನು ‘ತಮ್ಮಾ’ ಎನ್ನುತ್ತಿದ್ದರು, ನನ್ನನ್ನು ‘ಏ ಬಾಗೇವಾಡಿ’ ಎಂದು ಕರೆಯುತ್ತಿದ್ದರು. ಇಂಡಿಯಿಂದ ಬಂದ ರೋಗಿಗಳು ಲಿಂಬೆಹಣ್ಣು ತಂದು ಅವನ ಕೈಗೇ ಕೊಡುತ್ತಿದ್ದರು. ಅವನು ಅರ್ಧ ನನ್ನ ಚೀಲಕ್ಕೆ ಹಾಕುತ್ತಿದ್ದ. ಅದು ಇನ್ನಷ್ಟು ಉರಿಸುತ್ತಿತ್ತು. ಒಮ್ಮೆ ಬುತ್ತಿ ತಂದ ನನ್ನ ಅವ್ವ ಆ ಪೆಟ್ಟಿಗೆಯ ಕಥೆಯನ್ನೆಲ್ಲ ಅವನಿಂದ ಕೇಳಿ, ‘ಮತ್ತ ನೀ ಯಾಕೋ ಬರೇ ಬಾಗಲಾ ಕಾಯಾಕತ್ತೀದಿ?’ ಎಂದು ನಕ್ಕಳು. ಆ ದಿನ ಬುತ್ತಿ ಬಿಚ್ಚದೆ ಹಾಗೇ ಇಟ್ಟೆ.

ನೇತ್ರ ಶಿಬಿರದ ಕೆಲಸಕ್ಕೆ ನಾನೊಬ್ಬನೇ ಸಿಂದಗಿಗೆ ಹೋಗಿದ್ದಾಗ, ಅಲ್ಲಿ ನಿವೃತ್ತ ಮಾಸ್ತರರೊಬ್ಬರು ಬೆಳಿಗ್ಗೆ ತೀರಿಕೊಂಡರು. ಕಣ್ಣು ಕೊಡುವುದಾಗಿ ಅವರು ಮೊದಲೇ ಹೇಳಿಟ್ಟಿದ್ದರು. ಡಾಕ್ಟರಿಗೆ ಫೋನು ಹೋಯಿತು. ಅವರೂ ಗೆಳೆಯನೂ ಜೀಪಿನಲ್ಲಿ ಬರುವತನಕ ರೆಪ್ಪೆಗಳ ಮೇಲೆ ಒದ್ದೆ ಹತ್ತಿ ಇಟ್ಟು, ಯಾರೂ ಕಣ್ಣು ಮುಟ್ಟದಂತೆ ನೋಡಿಕೊಳ್ಳುವುದು ನನ್ನ ಪಾಲಿನ ಕೆಲಸ.

ಮಾಸ್ತರರ ಮಂದಿಯಲ್ಲಿ ಸತ್ತವರನ್ನು ಮಲಗಿಸಿಡುವುದಿಲ್ಲ. ಜಳಕ ಮಾಡಿಸಿ, ಗೋಡೆಗೆ ಒರಗಿಸಿ ಕೂರಿಸಿ, ವಿಭೂತಿ ಹಚ್ಚುತ್ತಾರೆ. ಮಾಸ್ತರರ ಹೆಂಡತಿ ಬಟ್ಟಲಲ್ಲಿ ವಿಭೂತಿ ಕಲಸಿಕೊಂಡು ಹಣೆಗೆ, ತೋಳಿಗೆ, ಎದೆಗೆ ಹಚ್ಚಿದರು. ಕಣ್ಣಿನ ಹತ್ತಿರ ಬಂದಾಗ ಕೈ ತಡೆದು ನನ್ನನ್ನು ನೋಡಿದರು.

‘ರೆಪ್ಪಿಗೂ ಹಚ್ಚೂದು ನಮ್ಮ ಮನಿ ಪದ್ಧತಿ. ಹಚ್ಚಿದ್ರ ಕಣ್ಣು ಕೆಡ್ತಾವೇನೋ ತಮ್ಮಾ?’

ಕೆಡಬಹುದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಹಳದಿಯಾದ ಬಾಟಲಿ ಹಿಡಿದು ಡಾಕ್ಟರ ಮುಂದೆ ತಲೆತಗ್ಗಿಸಿ ನಿಂತ ಗೆಳೆಯ ನನ್ನ ಕಣ್ಣ ಮುಂದೆ ಬಂದ.

‘ಹಚ್ರಿ ಆಯಿ, ಏನೂ ಆಗೂದಿಲ್ಲ’ ಎಂದು ನಾನೇ ಹತ್ತಿ ಎತ್ತಿದೆ.

ಜೀಪಿನ ಸದ್ದು ಕೇಳುತ್ತಲೇ ರೆಪ್ಪೆಯ ಮೇಲಿನದನ್ನು ಒರೆಸಿ ಹೊಸ ಹತ್ತಿ ಇಟ್ಟೆ. ಒಳಗೆ ಇಳಿದದ್ದು ಇಳಿದಿತ್ತು. ಡಾಕ್ಟರು ತೆಗೆದ ಕಣ್ಣುಗಳನ್ನು ಗೆಳೆಯ ಎಂದಿನಂತೆ ತೊಳೆದ. ಹೆಚ್ಚು ತೊಳೆಯಬೇಕೆಂದು ಅವನಿಗೆ ಹೇಗೆ ತಿಳಿಯಬೇಕು?

ಆ ಕಣ್ಣಿಗಾಗಿ ಮುದ್ದೇಬಿಹಾಳದಿಂದ ಒಬ್ಬ ಹೆಣ್ಣುಮಗಳನ್ನು ಕರೆಸಿದ್ದರು. ಕಣ್ಣುಬೇನೆಗೆ ಯಾರದೋ ಮಾತು ಕೇಳಿ ಸೊಪ್ಪಿನ ರಸ ಹಿಂಡಿಕೊಂಡು, ಅವಳ ಎರಡೂ ಕಣ್ಣು ಹೂ ಬಿದ್ದು ಬೆಳ್ಳಗಾಗಿದ್ದವು. ಅವಳು ಬಂದು ತಲುಪುವಷ್ಟರಲ್ಲಿ ಎರಡೂ ಬಾಟಲಿ ಹಳದಿಯಾಗಿದ್ದವು. ಅಣ್ಣನ ಹೆಗಲು ಹಿಡಿದುಕೊಂಡು ಹಾಗೇ ಬಸ್‌ಸ್ಟ್ಯಾಂಡಿಗೆ ಹೊರಟಳು.

ಕಣ್ಣಿಗೆ ಅಲ್ಲಿ ಯಾರಾದರೂ ಏನಾದರೂ ಹಚ್ಚಿದ್ದರೇ ಎಂದು ಡಾಕ್ಟರು ನನ್ನನ್ನು ಕೇಳಿದರು. ಇಲ್ಲ, ಮಗ್ಗುಲಲ್ಲೇ ಕುಳಿತಿದ್ದೆ ಎಂದೆ. ಗೆಳೆಯ ನನ್ನನ್ನೊಮ್ಮೆ ನೋಡಿ, ಹಳದಿಯಾದ ಬಾಟಲಿಗಳನ್ನು ಎತ್ತಿಕೊಂಡು ಹೋದ. ಅವನ ಕೈ ಶುದ್ಧವಿಲ್ಲವೆಂದು ತೀರ್ಮಾನವಾಗಿ, ಅವನನ್ನು ಹೊರಗೆ ಚೀಟಿ ಬರೆಯಲು ಕೂರಿಸಿದರು. ಪೆಟ್ಟಿಗೆ ನನ್ನದಾಯಿತು. ನಾನು ತೊಳೆದ ಕೈ ಎತ್ತಿ ಹಿಡಿದು ಬಂದರೆ ಈಗ ಅವನು ಎದ್ದು ಬಾಗಿಲು ತೆಗೆಯುತ್ತಿದ್ದ, ಮುಖ ಗಂಟಿಕ್ಕದೆ. ಗಂಟಿಕ್ಕಿದ್ದರೆ ನನಗೆ ಎಷ್ಟೋ ಹಿತವಾಗುತ್ತಿತ್ತು.

ಕೆಲವು ವಾರಗಳ ಮೇಲೆ ಮಾಸ್ತರರ ಹೆಂಡತಿ ದವಾಖಾನೆಗೆ ಬಂದರು. ಗಂಡನ ಕಣ್ಣು ಯಾರಿಗೆ ಕೂಡಿಸಿದಿರಿ, ದೂರದಿಂದ ಒಮ್ಮೆ ನೋಡಿ ಹೋಗುತ್ತೇನೆ ಎಂದರು. ನೋಡಿ ಹೇಳುತ್ತೇನೆಂದು ನಾನು ರಿಜಿಸ್ಟರು ತಿರುವತೊಡಗಿದೆ. ‘ಹೋಗ್ಲಿ ಬಿಡು, ಆ ಮನಗೂಳಿ ಹುಡುಗನ್ನ ಕರಿ. ಅಂವಾ ಬರೋಬ್ಬರಿ ಹೇಳ್ತಾನ’ ಎಂದರು.

ಇವರೂ ಅವನನ್ನೇ ಕೇಳಬೇಕೆ!

‘ಅಂವನ್ನೇನ ಕೇಳ್ತೀರಿ? ನೀವು ಹಚ್ಚಿದ ವಿಭೂತಿಯಿಂದ ಕಣ್ಣು ಕೆಟ್ಟೂ. ಯಾರಿಗೂ ಕೂಡ್ಸಲಿಲ್ಲ.’

ಅವರು ಕಂಬ ಹಿಡಿದುಕೊಂಡರು. ಆಮೇಲೆ ಸಾವಕಾಶವಾಗಿ, ‘ನಾ ನಿನ್ನ ಕೇಳೇ ಹಚ್ಚಿದ್ನಲ್ಲೋ ತಮ್ಮಾ’ ಎಂದರು. ಅಷ್ಟೇ. ಡಾಕ್ಟರ ಹತ್ತಿರ ಹೋಗುತ್ತಾರೆಂದುಕೊಂಡೆ. ಹೋಗಲಿಲ್ಲ. ಸೆರಗು ತಲೆಯ ಮೇಲೆ ಎಳೆದುಕೊಂಡು ಮೆಟ್ಟಿಲಿಳಿದರು. ಯಾರಿಗೂ ಏನೂ ಹೇಳಿದಂತಿಲ್ಲ.

ಗೆಳೆಯನಿಗೆ ಬಹಳ ವರ್ಷಗಳ ಮೇಲೆ, ಇಬ್ಬರ ತಲೆಯೂ ನರೆತ ಮೇಲೆ, ಎಲ್ಲ ಹೇಳಿ ಕೈ ಮುಗಿದೆ. ‘ಬಾಟ್ಲಿ ಹಳದಿ ಆದಾಗ ಗೊತ್ತಾತಲೇ. ಸಿಂದಗ್ಯಾಗ ನಿನ್ನ ಉಗುರಾಗ ವಿಭೂತಿ ನೋಡಿದ್ದೆ’ ಎಂದ. ಯಾಕೆ ಹೇಳಲಿಲ್ಲವೆಂದರೆ ನಕ್ಕುಬಿಟ್ಟ. ಅಲ್ಲಿಯೂ ಅವನೇ ದೊಡ್ಡವನಾದ. ನಿಜ ಹೇಳುತ್ತೇನೆ, ಕ್ಷಮೆ ಸಿಕ್ಕ ಆ ಗಳಿಗೆಯಲ್ಲಿಯೂ ನನಗೆ ಅವನ ಮೇಲೆ ಹೊಟ್ಟೆಕಿಚ್ಚು ಬಂತು.

ಅವನ ಲೆಕ್ಕ ಹಾಗೆ ಮುಗಿಯಿತು. ಸಿಂದಗಿಯ ಬಸ್ಸು ದಿನವೂ ದವಾಖಾನೆಯ ಮುಂದೆಯೇ ಹಾಯುತ್ತಿತ್ತು, ನಾನು ಹತ್ತಲಿಲ್ಲ. ಅವರು ತೀರಿಕೊಂಡ ಸುದ್ದಿ ಬಂದ ದಿನವೂ ಹತ್ತಲಿಲ್ಲ. ನಾನು ಕೊನೆಗೂ ತಪ್ಪಾಯಿತೆಂದು ಹೇಳದೆ ಉಳಿದದ್ದು ಅವರಿಗೆ, ಸಿಂದಗಿ ಮಾಸ್ತರರ ಹೆಂಡತಿಗೆ.